ಥೈರಾಯ್ಡ್ ಜೋರಾದರೆ ರಕ್ತಕ್ಕೆ ಏನಾಗುತ್ತದೆ?

ನಮ್ಮ ಚಿಕ್ಕಮ್ಮ ಆರು ತಿಂಗಳು ಕಬ್ಬಿಣದ ಮಾತ್ರೆ ನುಂಗಿದರು. ಶುರುವಿನಲ್ಲಿ ಹಿಮೋಗ್ಲೋಬಿನ್ 10.6 ಇತ್ತು. ಆರು ತಿಂಗಳಾದ ಮೇಲೆ 10.8. ನಡುವೆ ಮಲಬದ್ಧತೆ, ಹೊಟ್ಟೆ ಉರಿ ಬೇರೆ. ಬೀಟ್‌ರೂಟ್, ಖರ್ಜೂರ, ನುಗ್ಗೆಸೊಪ್ಪಿನ ಪಲ್ಯ, ದಾಳಿಂಬೆ ಎಲ್ಲವೂ ಆಯಿತು. ಮನೆಗೆ ಬಂದವರೆಲ್ಲ "ರಕ್ತ ಕಮ್ಮಿ ಕಣೇ, ಸರಿಯಾಗಿ ಊಟ ಮಾಡು" ಎಂದು ಹೇಳಿ ಹೋಗುತ್ತಿದ್ದರು. ತಮಾಷೆ ಏನು ಗೊತ್ತಾ? ಆಗ ಮನೆಯಲ್ಲಿ ಎಲ್ಲರಿಗಿಂತ ಜಾಸ್ತಿ ಊಟ ಮಾಡುತ್ತಿದ್ದವರು ಚಿಕ್ಕಮ್ಮನೇ. ಆದರೂ ಇಳಿಯುತ್ತಿದ್ದರು. ರವಿಕೆಗಳನ್ನು ಎರಡು ಸಲ ಟೈಲರ್ ಹತ್ತಿರ ಹಿಡಿಸಿ ತಂದಿದ್ದರು. ಡಿಸೆಂಬರ್ ಚಳಿಯಲ್ಲೂ ಫ್ಯಾನ್ ಹಾಕಿಕೊಂಡು ಮಲಗುತ್ತಿದ್ದರು.

ಕೊನೆಗೆ ಒಬ್ಬ ಡಾಕ್ಟರು "ಎರಡೂ ಕೈ ಮುಂದೆ ಚಾಚಿ, ಬೆರಳು ಅಗಲಿಸಿ" ಅಂದರು. ಬೆರಳುಗಳ ಮೇಲೆ ಒಂದು ಬಿಳಿ ಹಾಳೆ ಇಟ್ಟರು. ಗಾಳಿ ಇರಲಿಲ್ಲ, ಆದರೂ ಹಾಳೆಯ ಅಂಚು ಸಣ್ಣಗೆ ನಡುಗುತ್ತಿತ್ತು. ಮಾರನೇ ದಿನ ಥೈರಾಯ್ಡ್ ಪರೀಕ್ಷೆಯ ಟಿಎಸ್‌ಎಚ್ ರಿಪೋರ್ಟ್ ಬಂತು. 0.01ಕ್ಕಿಂತ ಕಮ್ಮಿ.

ಅಲ್ಲಿಯವರೆಗೆ ನಮ್ಮ ಲೆಕ್ಕದಲ್ಲಿ ರಕ್ತದ ಕಾಯಿಲೆಯೇ ಬೇರೆ, ಥೈರಾಯ್ಡ್ ಕಾಯಿಲೆಯೇ ಬೇರೆ. ಎರಡು ಲಕೋಟೆ, ಎರಡು ಫೈಲು, ಎರಡು ಕ್ಲಿನಿಕ್ಕು. ಆಮೇಲೆ ಆ ರಿಪೋರ್ಟುಗಳನ್ನು ಊಟದ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡು, ಡಾಕ್ಟರನ್ನು ಕೇಳುತ್ತಾ, ಓದುತ್ತಾ ಹೋದೆ. ನಾನು ಡಾಕ್ಟರಲ್ಲ. ಆದರೆ ಒಂದು ವಿಷಯ ಮಾತ್ರ ಚೆನ್ನಾಗಿ ಅರ್ಥವಾಯಿತು. ಥೈರಾಯ್ಡ್ ಜೋರಾಗಿದ್ದವರ ರಕ್ತದ ರಿಪೋರ್ಟನ್ನು ಒಂಟಿಯಾಗಿ ಓದಿದರೆ ದಾರಿ ತಪ್ಪುವುದು ಬಹಳ ಸುಲಭ.

ಟಿಎಸ್‌ಎಚ್ ಕಮ್ಮಿ ಅಂದರೆ ಥೈರಾಯ್ಡ್ ಕಮ್ಮಿ ಅಲ್ಲ

"ನನಗೆ ಥೈರಾಯ್ಡ್ ಇದೆ" ಎಂದು ಯಾರಾದರೂ ಹೇಳಿದರೆ, ಬಹುತೇಕ ಸಲ ಅದು ಥೈರಾಯ್ಡ್ ಮಂದವಾದ ಕಥೆ. ಬೆಳಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ ನುಂಗುವ ಆ ಚಿಕ್ಕ ಮಾತ್ರೆ ಅವರದು. ಇಲ್ಲಿ ಹೇಳುತ್ತಿರುವುದು ಅದಕ್ಕೆ ಉಲ್ಟಾ. ಗ್ರಂಥಿ ಅತಿಯಾಗಿ ಕೆಲಸ ಮಾಡುವ ಸ್ಥಿತಿ, ಹೈಪರ್‌ಥೈರಾಯ್ಡಿಸಂ.

ಥೈರಾಯ್ಡ್ ಇರುವುದು ಕುತ್ತಿಗೆಯ ಮುಂಭಾಗದಲ್ಲಿ, ರೆಕ್ಕೆ ಬಿಚ್ಚಿ ಕೂತ ಚಿಟ್ಟೆಯ ಆಕಾರದಲ್ಲಿ. ತೂಕ 20 ಗ್ರಾಂ ಆಸುಪಾಸು. ಇದು ಟಿ4, ಟಿ3 ಎಂಬ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಮೈಯೆಲ್ಲ ಎಷ್ಟು ಉರಿಯಲ್ಲಿ ಕೆಲಸ ಮಾಡಬೇಕು ಎಂದು ತೀರ್ಮಾನಿಸುವುದು ಅವೇ. ಗ್ಯಾಸ್ ಸ್ಟವ್‌ನ ನಾಬ್ ಅಂದುಕೊಳ್ಳಿ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಕಳಿಸಿ "ಇನ್ನಷ್ಟು ಮಾಡು" ಎಂದು ಥೈರಾಯ್ಡ್‌ಗೆ ಆರ್ಡರ್ ಕೊಡುತ್ತಿರುತ್ತದೆ. ಗೋದಾಮು ತುಂಬಿ ತುಳುಕಿದರೆ ಆರ್ಡರ್ ನಿಲ್ಲಿಸುತ್ತದೆ. ಅದಕ್ಕೇ ಥೈರಾಯ್ಡ್ ಜೋರಾದಾಗ ಟಿಎಸ್‌ಎಚ್ ಪಾತಾಳಕ್ಕೆ ಬೀಳುತ್ತದೆ. ಸಾಮಾನ್ಯವಾಗಿ ಅದು 0.4ರಿಂದ 4ರ ಒಳಗೆ ಇರಬೇಕು.

ಈ ಉಲ್ಟಾ ಲೆಕ್ಕ ಗೊತ್ತಿಲ್ಲದೆ "ಟಿಎಸ್‌ಎಚ್ ಕಮ್ಮಿ ಇದೆ, ಹಾಗಾದರೆ ಏನೂ ತೊಂದರೆ ಇಲ್ಲ" ಎಂದು ರಿಪೋರ್ಟ್ ಮಡಚಿಟ್ಟವರನ್ನು ನಾನೇ ನೋಡಿದ್ದೇನೆ.

ಅಂದ ಹಾಗೆ, ಕೂದಲು ಉದುರುತ್ತದೆ ಎಂದು ಬಯೋಟಿನ್ ಮಾತ್ರೆ ತಗೊಳ್ಳುವವರು ಈಗ ಜಾಸ್ತಿ. ಕೆಲವು ಲ್ಯಾಬ್ ಯಂತ್ರಗಳು ಪರೀಕ್ಷೆ ಮಾಡುವ ಕ್ರಮದಲ್ಲೇ ಬಯೋಟಿನ್ ಬಳಕೆ ಇರುತ್ತದೆ. ರಕ್ತದಲ್ಲಿ ಅದು ಜಾಸ್ತಿ ಇದ್ದರೆ ಯಂತ್ರ ಮೋಸ ಹೋಗುತ್ತದೆ. ಟಿಎಸ್‌ಎಚ್ ಸುಳ್ಳೇ ಕಮ್ಮಿ, ಟಿ4 ಸುಳ್ಳೇ ಜಾಸ್ತಿ ಎಂದು ತೋರಿಸಬಹುದು. ಥೈರಾಯ್ಡ್ ಸರಿಯಾಗಿಯೇ ಇರುತ್ತದೆ, ರಿಪೋರ್ಟ್ ಮಾತ್ರ ಹೈಪರ್‌ಥೈರಾಯ್ಡ್ ಅನ್ನುತ್ತದೆ! ಹಾಗಾಗಿ ಪರೀಕ್ಷೆಗೆ ಎರಡು ದಿನ ಮೊದಲೇ ಅದನ್ನು ನಿಲ್ಲಿಸಬೇಕು. ಡೋಸ್ ದೊಡ್ಡದಿದ್ದರೆ ಇನ್ನೂ ಮೊದಲು. ರಕ್ತ ತೆಗೆಯುವವರಿಗೂ ಹೇಳಬೇಕು.

ಥೈರಾಯ್ಡ್ ಜೋರಾಗಲು ಹಲವು ಕಾರಣಗಳಿವೆ. ಗಡ್ಡೆ ಇರಬಹುದು, ಗ್ರಂಥಿಯ ಉರಿಯೂತ ಇರಬಹುದು. ಎಲ್ಲಕ್ಕಿಂತ ಸಾಮಾನ್ಯವಾದದ್ದು ಗ್ರೇವ್ಸ್ ಕಾಯಿಲೆ. 1835ರಲ್ಲಿ ಡಬ್ಲಿನ್‌ನ ರಾಬರ್ಟ್ ಗ್ರೇವ್ಸ್ ಇದನ್ನು ವಿವರಿಸಿದರು. 1840ರಲ್ಲಿ ಜರ್ಮನಿಯ ಕಾರ್ಲ್ ಫಾನ್ ಬಾಸೆಡೋ ಕೂಡ ಇದರ ಬಗ್ಗೆ ಬರೆದರು. ಅದಕ್ಕೇ ಜರ್ಮನಿಯ ಕಡೆ ಇವತ್ತಿಗೂ ಇದಕ್ಕೆ ಬಾಸೆಡೋ ಕಾಯಿಲೆ ಎಂದೇ ಹೆಸರು. ಈ ಕಾಯಿಲೆಯಲ್ಲಿ ನಮ್ಮದೇ ರೋಗನಿರೋಧಕ ವ್ಯವಸ್ಥೆ ಟಿಎಸ್‌ಎಚ್‌ನ ವೇಷ ಹಾಕಿದ ಪ್ರತಿಕಾಯಗಳನ್ನು ತಯಾರಿಸುತ್ತದೆ. ನಕಲಿ ಸಹಿ ಹಾಕಿದ ಆರ್ಡರ್ ಇದ್ದ ಹಾಗೆ. ಪಿಟ್ಯುಟರಿ ಸುಮ್ಮನಾದರೂ ನಕಲಿ ಆರ್ಡರ್ ನಿಲ್ಲುವುದಿಲ್ಲ.

ರಕ್ತದ ವಿಚಾರಕ್ಕೆ ಬಂದಾಗ ಈ ವಿವರ ಮುಖ್ಯ. ಯಾಕೆಂದರೆ ಹೊಡೆತ ಒಂದೇ ಕಡೆಯಿಂದ ಬೀಳುವುದಿಲ್ಲ. ಜಾಸ್ತಿಯಾದ ಹಾರ್ಮೋನು ನೇರವಾಗಿ ರಕ್ತ ತಯಾರಾಗುವ ಕಡೆ ಕೈ ಹಾಕುತ್ತದೆ. ಥೈರಾಯ್ಡ್ ಮೇಲೆ ತಪ್ಪಾಗಿ ಎರಗಿದ ರೋಗನಿರೋಧಕ ವ್ಯವಸ್ಥೆ ರಕ್ತಕಣಗಳ ಮೇಲೂ ಎರಗಬಹುದು. ಇನ್ನು ಥೈರಾಯ್ಡ್ ಇಳಿಸಲು ಕೊಡುವ ಮಾತ್ರೆಯೇ ಅಪರೂಪಕ್ಕೆ ಬಿಳಿ ರಕ್ತಕಣಗಳನ್ನು ಅಳಿಸಿಹಾಕಬಹುದು. ರಿಪೋರ್ಟಿನಲ್ಲಿ ಅಂಕಿ ಒಂದೇ ಇದ್ದರೂ ಕಾರಣ ಈ ಮೂರರಲ್ಲಿ ಯಾವುದು ಅನ್ನುವುದರ ಮೇಲೆ ಚಿಕಿತ್ಸೆ ಪೂರ್ತಿ ಬದಲಾಗುತ್ತದೆ.

ಅವಸರದ ಇಡ್ಲಿಗಳು

ಮೊದಲು ಕೆಂಪು ಕಣಗಳು. ಒಂದು ಕೆಂಪು ಕಣದ ಆಯಸ್ಸು ಸುಮಾರು 120 ದಿನ. ಹೊಸದು ಹುಟ್ಟುವುದು ಎಲುಬಿನೊಳಗಿನ ಮಜ್ಜೆಯಲ್ಲಿ. ಎಷ್ಟು ಬೇಕು ಎಂದು ಹೇಳುವುದು ಮೂತ್ರಪಿಂಡ. ಆಮ್ಲಜನಕ ಸಾಲುತ್ತಿಲ್ಲ ಅನ್ನಿಸಿದರೆ ಅದು ಎರಿಥ್ರೋಪೊಯೆಟಿನ್ ಎಂಬ ಹಾರ್ಮೋನು ಕಳಿಸಿ ಮಜ್ಜೆಯನ್ನು ಎಬ್ಬಿಸುತ್ತದೆ.

ಥೈರಾಯ್ಡ್ ಜೋರಾದಾಗ ಮೈಯಲ್ಲಿ ಆಮ್ಲಜನಕದ ಖರ್ಚು ಏರುತ್ತದೆ. ಮೂತ್ರಪಿಂಡ ಕೂಗು ಹಾಕುತ್ತದೆ, ಮಜ್ಜೆ ಓವರ್‌ಟೈಮ್ ಮಾಡುತ್ತದೆ. ಹಾಗಾದರೆ ರಕ್ತ ಜಾಸ್ತಿಯಾಗಬೇಕಲ್ವಾ? ಒಟ್ಟು ಕೆಂಪು ಕಣಗಳು ಜಾಸ್ತಿಯಾಗುವುದು ನಿಜ. ಆದರೆ ಅದರ ಜೊತೆಗೆ ರಕ್ತದ ನೀರಿನಂಶವೂ ಹೆಚ್ಚುತ್ತದೆ. ನೆಂಟರು ಬಂದರೆಂದು ಬೇಳೆಯನ್ನೂ ಹಾಕಿ ನೀರನ್ನೂ ಸುರಿದ ಸಾರಿನ ಹಾಗೆ. ಪಾತ್ರೆ ತುಂಬುತ್ತದೆ, ಸಾರು ಮಾತ್ರ ಗಟ್ಟಿಯಾಗುವುದಿಲ್ಲ. ಹೀಗಾಗಿ ಎಷ್ಟೋ ಜನರಲ್ಲಿ ಹಿಮೋಗ್ಲೋಬಿನ್ ಅಂಕಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ.

ಕೆಲವರಲ್ಲಿ ಮಾತ್ರ ಅದು ಇಳಿಯುತ್ತದೆ. ಚಿಕ್ಕಮ್ಮ ಆ ಗುಂಪಿಗೆ ಸೇರಿದವರು. ಅವರ ಸಿಬಿಸಿಯಲ್ಲಿ, ಅಂದರೆ ರಕ್ತಕಣಗಳನ್ನು ಎಣಿಸುವ ಪರೀಕ್ಷೆಯಲ್ಲಿ, ಇನ್ನೊಂದು ಅಂಕಿ ಇತ್ತು, ಎಂಸಿವಿ 74. ಕೆಂಪು ಕಣದ ಸರಾಸರಿ ಗಾತ್ರ ಅದು. 80ರಿಂದ 100 ಇರಬೇಕು. 80ಕ್ಕಿಂತ ಕೆಳಗೆ ಬಂದರೆ ಕಣಗಳು ಚಿಕ್ಕವು ಎಂದರ್ಥ. ಚಿಕ್ಕ ಕಣ ಕಂಡ ಕೂಡಲೇ ನಮ್ಮ ಕಡೆ ಮೊದಲ ಊಹೆ ಕಬ್ಬಿಣದ ಕೊರತೆ. ಆ ಊಹೆ ತಪ್ಪೂ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 100ಕ್ಕೆ 57 ಮಂದಿಗೆ ರಕ್ತಹೀನತೆ. ಕರ್ನಾಟಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು. ಇಷ್ಟು ಜನರಿಗೆ ಇರುವ ತೊಂದರೆಯನ್ನೇ ಡಾಕ್ಟರು ಮೊದಲು ಯೋಚಿಸುವುದು ಸಹಜ.

ಆದರೆ ಗ್ರೇವ್ಸ್ ಕಾಯಿಲೆಯಲ್ಲಿ ಕಬ್ಬಿಣ ಸಾಕಷ್ಟಿದ್ದರೂ ಕಣಗಳು ಚಿಕ್ಕದಾಗುತ್ತವೆ. ಅವಸರದಲ್ಲಿ ಹಿಟ್ಟು ಸುರಿದ ಇಡ್ಲಿಗಳನ್ನು ನೋಡಿದ್ದೀರಲ್ಲ, ಎಣಿಕೆಗೆ ಜಾಸ್ತಿ, ಗಾತ್ರದಲ್ಲಿ ಚಿಕ್ಕವು. ಮೈಯಲ್ಲಿರುವ ಕಬ್ಬಿಣವನ್ನು ಮಜ್ಜೆ ಸರಿಯಾಗಿ ಬಳಸಿಕೊಳ್ಳಲು ಆಗದಿರುವುದು ಇದಕ್ಕೆ ಕೊಡುವ ಮುಖ್ಯ ವಿವರಣೆ. ಉರಿಯೂತದ ಕಾಯಿಲೆಗಳಲ್ಲಿ ದೇಹ ಕಬ್ಬಿಣವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿಬಿಡುತ್ತದೆ. ಇಲ್ಲೂ ಸ್ವಲ್ಪ ಹಾಗೆಯೇ. ಬೀಗದ ಕೈ ಥೈರಾಯ್ಡ್ ಹತ್ತಿರ ಇದೆ. ಹೊರಗಿನಿಂದ ಇನ್ನಷ್ಟು ಕಬ್ಬಿಣ ತಂದು ಬೀರುವಿಗೆ ತುಂಬಿದರೆ ಏನು ಪ್ರಯೋಜನ? ಮಲಬದ್ಧತೆ ಬರುತ್ತದೆ, ಅಷ್ಟೇ.

ಇನ್ನೊಂದು ತೊಡಕು ಫೆರಿಟಿನ್. ಕಬ್ಬಿಣದ ದಾಸ್ತಾನು ತಿಳಿಯಲು ಮಾಡಿಸುವ ಪರೀಕ್ಷೆ ಅದು. ಥೈರಾಯ್ಡ್ ಹಾರ್ಮೋನು ಜಾಸ್ತಿಯಾದರೆ ಫೆರಿಟಿನ್ ತಾನಾಗಿಯೇ ಏರುತ್ತದೆ. ಅಂದರೆ ನಿಜವಾಗಿ ಕಬ್ಬಿಣ ಕಮ್ಮಿ ಇರುವವರಿಗೂ "ನಾರ್ಮಲ್" ಎಂದು ಬರಬಹುದು. ಹಾಗಾಗಿ ಫೆರಿಟಿನ್ ಒಂದನ್ನೇ ನಂಬದೆ, ಕಬ್ಬಿಣ ಹೊರುವ ಪ್ರೋಟೀನು ಎಷ್ಟು ತುಂಬಿದೆ ಎಂದು ಹೇಳುವ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಕೂಡ ನೋಡುತ್ತಾರೆ. ಎರಡೂ ತೊಂದರೆ ಒಟ್ಟಿಗೆ ಇರುವವರೂ ಇದ್ದಾರೆ. ಆದ್ದರಿಂದ ಇದನ್ನು ಓದಿ ಯಾರೂ ಕಬ್ಬಿಣದ ಮಾತ್ರೆ ಬಿಸಾಡಬೇಡಿ. ಮಾತ್ರೆ ತಗೊಂಡರೂ ಹಿಮೋಗ್ಲೋಬಿನ್ ಅಲ್ಲಾಡದಿದ್ದರೆ "ಯಾಕೆ?" ಎಂದು ಕೇಳಿ, ಅಷ್ಟು ಸಾಕು.

ನಮ್ಮ ಮನೆಯಲ್ಲೇ ನಾವು ಗಮನಿಸಬಹುದಾಗಿದ್ದ ಸುಳಿವುಗಳಿದ್ದವು. ಸುಸ್ತು, ಎದೆಬಡಿತ, ಮೆಟ್ಟಿಲು ಹತ್ತಿದರೆ ಏದುಸಿರು, ಕೂದಲು ಉದುರುವುದು. ಇವು ರಕ್ತ ಕಮ್ಮಿಯಾದರೂ ಬರುತ್ತವೆ, ಥೈರಾಯ್ಡ್ ಜೋರಾದರೂ ಬರುತ್ತವೆ. ಆದರೆ ರಕ್ತ ಕಮ್ಮಿ ಇದ್ದವರಿಗೆ ಚಳಿ ಜಾಸ್ತಿ. ಥೈರಾಯ್ಡ್ ಜೋರಾದವರಿಗೆ ಸೆಕೆ. ಇವರಿಗೆ ಹಸಿವು ಹೆಚ್ಚು, ತೂಕ ಮಾತ್ರ ಇಳಿಯುತ್ತಿರುತ್ತದೆ. ಇನ್ನೊಂದು ಮುಖ್ಯ ಸುಳಿವು ಮುಟ್ಟು. ರಕ್ತಹೀನತೆ ಅಂದ ಕೂಡಲೇ "ಮುಟ್ಟಿನಲ್ಲಿ ಜಾಸ್ತಿ ಹೋಗುತ್ತಾ?" ಎಂದು ಕೇಳುತ್ತಾರೆ. ಥೈರಾಯ್ಡ್ ಜೋರಾದವರಲ್ಲಿ ಮುಟ್ಟು ಸಾಮಾನ್ಯವಾಗಿ ಕಮ್ಮಿಯಾಗುತ್ತದೆ. ಮುಟ್ಟು ಕಮ್ಮಿ, ಊಟ ಜಾಸ್ತಿ, ಆದರೂ ರಕ್ತ ಇಲ್ಲ ಅಂದರೆ ಆ ಲೆಕ್ಕ ಕೂಡುವುದಿಲ್ಲವಲ್ಲ.

ತಲಸ್ಸೇಮಿಯ ಅಂದುಕೊಂಡು ಗಾಬರಿಯಾಗುವುದು

ಚಿಕ್ಕ ಕಣಗಳ ವಿಷಯದಲ್ಲಿ ಇನ್ನೊಂದು ಗೊಂದಲ ಇದೆ. ಇದು ಗರ್ಭಿಣಿಯರ ಮನೆಯಲ್ಲಿ ನಿಜವಾಗಿಯೂ ನಿದ್ದೆಗೆಡಿಸುತ್ತದೆ.

ತಲಸ್ಸೇಮಿಯ ಅಂದರೆ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ, ಅಪ್ಪ ಅಮ್ಮನಿಂದ ಬರುವ ಕಾಯಿಲೆ. ಬೀಟಾ ತಲಸ್ಸೇಮಿಯ ಟ್ರೇಟ್ ಅಂದರೆ ಅಪ್ಪ ಅಮ್ಮನಲ್ಲಿ ಒಬ್ಬರಿಂದ ಮಾತ್ರ ಆ ಜೀನು ಬಂದಿರುವುದು. ಅಂಥವರಿಗೆ ತೊಂದರೆ ಇರುವುದೇ ಅಪರೂಪ. ಆದರೆ ಗಂಡ ಹೆಂಡತಿ ಇಬ್ಬರಿಗೂ ಟ್ರೇಟ್ ಇದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ದೊಡ್ಡ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅದಕ್ಕೇ ಗರ್ಭಿಣಿಯರಿಗೆ ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರ್ಪಡಿಸಿ ನೋಡುವ ಎಚ್‌ಪಿಎಲ್‌ಸಿ ಪರೀಕ್ಷೆ ಮಾಡಿಸುತ್ತಾರೆ. ಹಿಮೋಗ್ಲೋಬಿನ್ ಎ2 ಅನ್ನುವುದು ನೂರಕ್ಕೆ 3.5 ದಾಟಿದರೆ ಟ್ರೇಟ್ ಇರಬಹುದೆಂದು ಅನುಮಾನ.

ಈಗ ಥೈರಾಯ್ಡ್ ಜೋರಾದವರ ರಕ್ತ ನೋಡಿ. ಕಣಗಳು ಚಿಕ್ಕವು. ಎಣಿಕೆ ಜಾಸ್ತಿ ಇರಬಹುದು. ಸಾಲದ್ದಕ್ಕೆ ಎ2 ಕೂಡ ಸ್ವಲ್ಪ ಏರುತ್ತದೆ! ಟ್ರೇಟ್‌ನ ಲಕ್ಷಣಗಳೆಲ್ಲ ಒಂದೇ ಹಾಳೆಯಲ್ಲಿ ಬಂದು ಕೂತಂತಾಯಿತು. ಗಂಡನನ್ನು ಪರೀಕ್ಷೆಗೆ ಕರೆಸುತ್ತಾರೆ, ಅತ್ತೆಮನೆಯಲ್ಲಿ "ನಿಮ್ಮ ಕಡೆಯಿಂದ ಬಂದಿದ್ದಾ?" ಎಂಬ ಮಾತು ಶುರುವಾಗುತ್ತದೆ. ಎ2 ಗಡಿಯ ಹತ್ತಿರ ಇದ್ದರೆ ಟಿಎಸ್‌ಎಚ್ ನೋಡುವುದು ಒಳ್ಳೆಯದು. ಥೈರಾಯ್ಡ್ ಹತೋಟಿಗೆ ಬಂದ ಕೆಲವು ತಿಂಗಳ ಮೇಲೆ ಪರೀಕ್ಷೆ ಮತ್ತೆ ಮಾಡಿದರೆ ಎ2 ಇಳಿದಿರುತ್ತದೆ. ನಿಜವಾದ ಟ್ರೇಟ್ ಆದರೆ ಎಲ್ಲಿಗೂ ಹೋಗುವುದಿಲ್ಲ. ಗರ್ಭಿಣಿಯಾಗಿದ್ದು ಕಾಯಲು ಸಮಯವಿಲ್ಲದಿದ್ದರೆ ಜೀನ್ ಪರೀಕ್ಷೆ ಇದ್ದೇ ಇದೆ.

ಇದರ ಪಕ್ಕದಲ್ಲೇ ಬಿ12 ಕಥೆ. ಗ್ರೇವ್ಸ್ ಇರುವ ಕೆಲವರಲ್ಲಿ ರೋಗನಿರೋಧಕ ವ್ಯವಸ್ಥೆ ಹೊಟ್ಟೆಯ ಗೋಡೆಯ ಮೇಲೂ ದಾಳಿ ಮಾಡುತ್ತದೆ. ಬಿ12 ಹೀರಿಕೊಳ್ಳಲು ಬೇಕಾದ ಇಂಟ್ರಿನ್ಸಿಕ್ ಫ್ಯಾಕ್ಟರ್ ಎಂಬ ಪ್ರೋಟೀನು ಅಲ್ಲಿ ತಯಾರಾಗುತ್ತದೆ. ಅದು ನಿಂತರೆ ಬಿ12 ಸಿಗದೆ ಬರುವ ರಕ್ತಹೀನತೆಯೇ ಪರ್ನಿಷಿಯಸ್ ಅನೀಮಿಯ. ನಮ್ಮಲ್ಲಿ ಬಿ12 ಕಮ್ಮಿ ಅಂದರೆ "ಸಸ್ಯಾಹಾರಿ ಅಲ್ವಾ, ಅದಕ್ಕೇ" ಎಂದು ಮುಗಿಸಿಬಿಡುತ್ತಾರೆ. ಬಹಳ ಸಲ ಅದೇ ನಿಜ. ಆದರೆ ಕೋಳಿ, ಮೀನು, ಮೊಟ್ಟೆ ತಿನ್ನುವ ಮನೆಯಲ್ಲೂ ಬಿ12 ತಳ ಕಂಡಿದ್ದರೆ, ಜೊತೆಗೆ ಗ್ರೇವ್ಸ್ ಇದ್ದರೆ, ಹೊಟ್ಟೆಯ ಕಡೆ ನೋಡಬೇಕು. ಬಿ12 ಕಮ್ಮಿಯಾದರೆ ಕೆಂಪು ಕಣ ದೊಡ್ಡದಾಗುತ್ತದೆ. ಥೈರಾಯ್ಡ್ ಜೋರಾದರೆ ಚಿಕ್ಕದಾಗುತ್ತದೆ. ಎರಡೂ ಸೇರಿದರೆ ಸರಾಸರಿ "ನಾರ್ಮಲ್" ಆಗಿ ಬರಬಹುದು. ಪಾದ ಜೋಮು ಹಿಡಿಯುವುದು, ನಾಲಿಗೆ ಉರಿಯುವುದು ಇದ್ದರೆ ಎಂಸಿವಿ ನೋಡಿ ಸುಮ್ಮನಾಗಬಾರದು.

ಜ್ವರ ಬಂದರೆ ಡೋಲೋ ನುಂಗಿ ಮಲಗಬೇಡಿ

ಇಡೀ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ.

ಬಿಳಿ ಕಣಗಳಲ್ಲಿ ನ್ಯೂಟ್ರೋಫಿಲ್ ಎಂಬುದು ಒಂದು ಬಗೆ. ಬ್ಯಾಕ್ಟೀರಿಯ ಒಳಗೆ ಬಂದರೆ ಮೊದಲು ಓಡಿ ಹೋಗುವ ಕಾವಲುಗಾರರು ಇವರು. ಪ್ರತಿ ಮೈಕ್ರೋಲೀಟರ್ ರಕ್ತದಲ್ಲಿ 2,000ದಿಂದ 7,000 ಇರುತ್ತಾರೆ. ಗ್ರೇವ್ಸ್ ಕಾಯಿಲೆಯಲ್ಲಿ ಯಾವ ಔಷಧಿಯೂ ಶುರುವಾಗುವ ಮೊದಲೇ ಈ ಅಂಕಿ ಸ್ವಲ್ಪ ಇಳಿದಿರುವುದುಂಟು. ಚಿಕ್ಕಮ್ಮನಿಗೆ 1,700 ಇತ್ತು. ಇದು ಕಾಯಿಲೆಯದೇ ಕೆಲಸ. ಥೈರಾಯ್ಡ್ ಇಳಿದಂತೆ ಸಾಮಾನ್ಯವಾಗಿ ಅದೂ ಸರಿಹೋಗುತ್ತದೆ.

ಥೈರಾಯ್ಡ್ ಇಳಿಸಲು ನಮ್ಮಲ್ಲಿ ಸಾಮಾನ್ಯವಾಗಿ ಕೊಡುವುದು ಕಾರ್ಬಿಮಜೋಲ್. ಮೈಯೊಳಗೆ ಹೋದ ಮೇಲೆ ಅದು ಮೆಥಿಮಜೋಲ್ ಆಗುತ್ತದೆ. ಇನ್ನೊಂದು ಪ್ರೊಪೈಲ್‌ಥಯೋಯುರಾಸಿಲ್. ಈ ಜಾತಿಯ ಔಷಧಿ ಸಿಕ್ಕಿದ ಕಥೆಯೂ ಚೆನ್ನಾಗಿದೆ. 1940ರ ಆಸುಪಾಸಿನಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಇಲಿಗಳಿಗೆ ಸಲ್ಫಾಗ್ವಾನಿಡಿನ್ ಎಂಬ ಔಷಧಿ ತಿನ್ನಿಸುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಕರುಳಿನ ಬ್ಯಾಕ್ಟೀರಿಯ ಕಮ್ಮಿಯಾದರೆ ಏನಾಗುತ್ತದೆ ಎಂದು ನೋಡುವುದು. ಆದರೆ ಇಲಿಗಳ ಥೈರಾಯ್ಡ್ ಊದಿಕೊಂಡಿತು! ಹಾರ್ಮೋನು ತಯಾರಿಕೆ ನಿಂತು, ಪಿಟ್ಯುಟರಿ ಮೇಲಿಂದ ಮೇಲೆ ಆರ್ಡರ್ ಕಳಿಸಿ, ಗ್ರಂಥಿ ದಪ್ಪವಾಗಿತ್ತು. ಹಾರ್ಮೋನು ನಿಲ್ಲಿಸುವ ವಸ್ತುವನ್ನು ಹಾರ್ಮೋನು ಜಾಸ್ತಿಯಾದವರಿಗೆ ಕೊಟ್ಟರೆ ಹೇಗೆ ಎಂದು ಬಾಸ್ಟನ್‌ನ ಎಡ್ವಿನ್ ಆಸ್ಟ್‌ವುಡ್ ಯೋಚಿಸಿದರು. 1943ರಲ್ಲಿ ಥಯೋಯುರಿಯ, ಥಯೋಯುರಾಸಿಲ್ ಕೊಟ್ಟು ರೋಗಿಗಳಿಗೆ ಗುಣವಾದದ್ದನ್ನು ಪ್ರಕಟಿಸಿದರು. ಅದಕ್ಕೂ ಮೊದಲು ಮುಖ್ಯ ದಾರಿ ಕುತ್ತಿಗೆ ಕೊಯ್ಯುವ ಆಪರೇಷನ್ನೇ. ಮಾತ್ರೆಯಿಂದ ಬಿಳಿ ಕಣ ಕುಸಿಯುವ ಅಪಾಯವೂ ಆ ಆರಂಭದ ದಿನಗಳಲ್ಲೇ ಕಣ್ಣಿಗೆ ಬಿತ್ತು.

ಆ ಅಪಾಯದ ಹೆಸರು ಅಗ್ರಾನ್ಯುಲೋಸೈಟೋಸಿಸ್. ನ್ಯೂಟ್ರೋಫಿಲ್ 500ಕ್ಕಿಂತ ಕೆಳಗೆ, ಕೆಲವೊಮ್ಮೆ ಸೊನ್ನೆಗೆ. ಈ ಮಾತ್ರೆ ತಗೊಳ್ಳುವ 1,000 ಜನರಲ್ಲಿ ಸುಮಾರು 2ರಿಂದ 5 ಮಂದಿಗೆ ಆಗುತ್ತದೆ. ಅಪರೂಪವೇ. ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ. ಒಮ್ಮೆ ಮಾತ್ರೆ ನಿಲ್ಲಿಸಿ, ವರ್ಷ ಬಿಟ್ಟು ಮತ್ತೆ ಶುರು ಮಾಡಿದಾಗಲೂ ಬರಬಹುದು. "ಆಗ ಏನೂ ಆಗಿರಲಿಲ್ಲ, ಈಗ ಏನಾಗುತ್ತೆ" ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಲಕ್ಷಣಗಳು ತೀರಾ ಸಾಮಾನ್ಯ. ಜ್ವರ, ಗಂಟಲು ನೋವು, ಬಾಯಿ ಹುಣ್ಣು. ಮಳೆಗಾಲದಲ್ಲಿ ಮನೆಗೊಬ್ಬರಿಗೆ ಇರುವಂಥದ್ದೇ. ನಾವೇನು ಮಾಡುತ್ತೇವೆ? ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ, ಮೆಣಸಿನ ಕಷಾಯ ಕುಡಿದು, ಒಂದು ಡೋಲೋ ನುಂಗಿ ಮಲಗುತ್ತೇವೆ. ಜ್ವರ ಇಳಿಯುತ್ತದೆ. ಇಳಿದದ್ದು ಜ್ವರ ಮಾತ್ರ. ಕಾವಲುಗಾರರಿಲ್ಲದ ಮನೆಗೆ ನುಗ್ಗಿದ ಬ್ಯಾಕ್ಟೀರಿಯ ಒಳಗೇ ಇರುತ್ತದೆ. ಒಂದೆರಡು ದಿನದಲ್ಲಿ ಅದು ರಕ್ತಕ್ಕೇ ಹರಡಿ ಪ್ರಾಣಕ್ಕೆ ಕುತ್ತು ತರಬಹುದು.

ಆದ್ದರಿಂದ ಕಾರ್ಬಿಮಜೋಲ್ ತಗೊಳ್ಳುವವರಿಗೆ ಜ್ವರ ಅಥವಾ ಗಂಟಲು ನೋವು ಬಂದರೆ ಆ ಮಾತ್ರೆಯ ಮುಂದಿನ ಡೋಸ್ ತಡೆಹಿಡಿದು ಅದೇ ದಿನ ಸಿಬಿಸಿ ಮಾಡಿಸಬೇಕು. ನಾಳೆ ಬೆಳಗ್ಗೆ ಅಲ್ಲ, ಭಾನುವಾರ ಅಂತ ಕಾಯುವುದೂ ಅಲ್ಲ. ಬೀದಿಯ ಕೊನೆಯ ಕ್ಲಿನಿಕ್ಕಿಗೆ ಹೋದರೂ ಬಾಯಿಬಿಟ್ಟು ಹೇಳಬೇಕು, "ನಾನು ಥೈರಾಯ್ಡ್‌ಗೆ ಕಾರ್ಬಿಮಜೋಲ್ ತಗೊಳ್ತಾ ಇದ್ದೀನಿ" ಅಂತ. ಬರೀ "ಥೈರಾಯ್ಡ್ ಮಾತ್ರೆ" ಅಂದರೆ ಎಲ್ಲರೂ ಥೈರಾಯ್ಡ್ ಮಂದವಾದವರು ನುಂಗುವ ಮಾತ್ರೆ ಅಂದುಕೊಳ್ಳುತ್ತಾರೆ.

ರಿಪೋರ್ಟ್ ಬಂದಾಗ ನೋಡುವುದು ಹೀಗೆ. ಒಟ್ಟು ಬಿಳಿ ಕಣದ ಸಂಖ್ಯೆಯನ್ನು ನ್ಯೂಟ್ರೋಫಿಲ್‌ನ ಶೇಕಡಾವಾರಿನಿಂದ ಗುಣಿಸಿ ನೂರರಿಂದ ಭಾಗಿಸಿ. ಒಟ್ಟು 4,200, ನ್ಯೂಟ್ರೋಫಿಲ್ 45 ಅಂದರೆ 1,890. ಚಿಂತೆ ಇಲ್ಲ. ಒಟ್ಟು 1,800, ನ್ಯೂಟ್ರೋಫಿಲ್ 10 ಅಂದರೆ 180. ಆಗ ಮನೆಗಲ್ಲ, ನೇರ ಆಸ್ಪತ್ರೆಗೆ. ಅಲ್ಲಿ ಆ ಮಾತ್ರೆ ಪೂರ್ತಿ ನಿಲ್ಲಿಸಿ, ರಕ್ತನಾಳದ ಮೂಲಕ ಆಂಟಿಬಯೋಟಿಕ್ ಕೊಡುತ್ತಾರೆ. ಮಜ್ಜೆಯನ್ನು ಚುರುಕು ಮಾಡುವ ಜಿ-ಸಿಎಸ್‌ಎಫ್ ಇಂಜೆಕ್ಷನ್ ಕೂಡ ಕೊಡಬಹುದು. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಕಣಗಳು ಮರಳುತ್ತವೆ. ಆಮೇಲೆ ಆ ಮಾತ್ರೆಯನ್ನಾಗಲಿ ಅದರ ಸೋದರ ಮಾತ್ರೆಯನ್ನಾಗಲಿ ಜೀವನದಲ್ಲಿ ಮುಟ್ಟುವಂತಿಲ್ಲ. ಥೈರಾಯ್ಡ್‌ಗೆ ವಿಕಿರಣ ಅಯೋಡಿನ್ ಇಲ್ಲವೇ ಆಪರೇಷನ್.

ಹಾಗಾದರೆ ಎಲ್ಲರಿಗೂ ಪ್ರತಿ ವಾರ ಸಿಬಿಸಿ ಮಾಡಿಸಿದರಾಗದೇ? ಇದರಲ್ಲಿ ದೇಶದಿಂದ ದೇಶಕ್ಕೆ ಅಭಿಪ್ರಾಯ ಬೇರೆ. ಜಪಾನಿನಲ್ಲಿ ಮೊದಲ ಎರಡು ತಿಂಗಳು ಎರಡು ವಾರಕ್ಕೊಮ್ಮೆ ನೋಡುತ್ತಾರೆ. ಅಮೆರಿಕದ ಮಾರ್ಗಸೂಚಿ ಅದು ಬೇಕಿಲ್ಲ ಅನ್ನುತ್ತದೆ, ಯಾಕೆಂದರೆ ಕಣಗಳು ಕೆಲವೊಮ್ಮೆ ಎರಡು ಪರೀಕ್ಷೆಗಳ ನಡುವೆಯೇ ದಿಢೀರ್ ಬೀಳುತ್ತವೆ. ಮಾತ್ರೆ ಶುರು ಮಾಡುವ ಮೊದಲು ಒಂದು ಸಿಬಿಸಿ ಇರಲಿ ಎಂದು ಮಾತ್ರ ಅದು ಹೇಳುತ್ತದೆ. ನನಗೆ ಇದು ತುಂಬಾ ಸರಿ ಅನ್ನಿಸುತ್ತದೆ. ಆ ಮೊದಲ ಸಿಬಿಸಿ ಇಲ್ಲದಿದ್ದರೆ ಆಮೇಲೆ ನ್ಯೂಟ್ರೋಫಿಲ್ 1,500 ಕಂಡಾಗ ಅದು ಕಾಯಿಲೆಯದೋ ಮಾತ್ರೆಯದೋ ಎಂದು ಹೇಳುವುದು ಹೇಗೆ?

ಚಿಕ್ಕಮ್ಮನಿಗೆ ಆರನೇ ವಾರದಲ್ಲಿ ಜ್ವರ ಬಂತು. ರಾತ್ರಿ ಎಂಟಕ್ಕೆ ಫೋನ್. "ಗಂಟಲು ನೋವು ಕಣೋ, ಸುಮ್ನೆ ಮಲಗ್ತೀನಿ. ನಿಮ್ಮ ಚಿಕ್ಕಪ್ಪನಿಗೂ ನೆಗಡಿ, ಅದೇ ಅಂಟಿರಬೇಕು." ನಾನು ಬಿಡಲಿಲ್ಲ. ರಾತ್ರಿ ತೆರೆದಿರುವ ಲ್ಯಾಬ್ ಹುಡುಕಿಕೊಂಡು ಸ್ಕೂಟರಿನಲ್ಲಿ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಬೈಸಿಕೊಂಡೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ತೆಗೆದರು. ಹತ್ತೂವರೆಗೆ ರಿಪೋರ್ಟ್ ಮೊಬೈಲಿಗೆ ಬಂತು. ನ್ಯೂಟ್ರೋಫಿಲ್ 2,900. ಚಿಕ್ಕಪ್ಪನ ನೆಗಡಿಯೇ ಅಂಟಿತ್ತು. ಡಾಕ್ಟರಿಗೆ ಫೋನಿನಲ್ಲಿ ಕೇಳಿ ಮರುದಿನದಿಂದ ಕಾರ್ಬಿಮಜೋಲ್ ಮುಂದುವರಿಸಿದರು. "ನೋಡಿದ್ಯಾ, ದುಡ್ಡು ದಂಡ" ಅಂದರು ಚಿಕ್ಕಮ್ಮ. ಬಹುತೇಕ ಸಲ ಹೀಗೇ ದಂಡವಾಗುತ್ತದೆ. ಆಗಲಿ ಬಿಡಿ.

ಪ್ಲೇಟ್‌ಲೆಟ್, ಹೆಪ್ಪು, ಮತ್ತೆ ಆ ಅಸಿಟ್ರಾಮ್

ಪ್ಲೇಟ್‌ಲೆಟ್ ಅಂದರೆ ಈಗ ಯಾರಿಗೂ ವಿವರಿಸಬೇಕಿಲ್ಲ. ಡೆಂಗಿ ಕಲಿಸಿಬಿಟ್ಟಿದೆ. 1.5 ಲಕ್ಷದಿಂದ 4.5 ಲಕ್ಷ ಇರಬೇಕು, ಕಮ್ಮಿಯಾದರೆ ಪಪ್ಪಾಯಿ ಎಲೆ ರಸ ತರಲು ಯಾರಾದರೂ ಓಡುತ್ತಾರೆ. ಥೈರಾಯ್ಡ್ ಜೋರಾದಾಗಲೂ ಇದು ಇಳಿಯಬಹುದು. ಪ್ಲೇಟ್‌ಲೆಟ್ಟಿನ ಆಯಸ್ಸೇ ಏಳರಿಂದ ಹತ್ತು ದಿನ. ಹಾರ್ಮೋನು ಜಾಸ್ತಿಯಾದರೆ ಗುಲ್ಮದಲ್ಲಿರುವ ಕಸ ಗುಡಿಸುವ ಜೀವಕೋಶಗಳೂ ಚುರುಕಾಗಿ, ಇನ್ನೂ ಬದುಕಿ ಬಾಳಬೇಕಾದ ಪ್ಲೇಟ್‌ಲೆಟ್ಟುಗಳನ್ನೂ ಗುಡಿಸಿಹಾಕುತ್ತವೆ. ಇದು ಸಾಮಾನ್ಯವಾಗಿ ಸೌಮ್ಯ, ಥೈರಾಯ್ಡ್ ಇಳಿದರೆ ಸರಿಯಾಗುತ್ತದೆ.

ಆದರೆ ಗ್ರೇವ್ಸ್ ಜೊತೆ ಐಟಿಪಿ ಎಂಬ ಕಾಯಿಲೆಯೂ ಕೆಲವರಿಗೆ ಬರುತ್ತದೆ. ಅದರಲ್ಲಿ ಪ್ರತಿಕಾಯಗಳು ಪ್ಲೇಟ್‌ಲೆಟ್ಟಿಗೇ ಅಂಟಿ ಅವನ್ನು ನಾಶ ಮಾಡಿಸುತ್ತವೆ. ಕಾಲಿನ ಮೇಲೆ ಸಾಸಿವೆ ಚೆಲ್ಲಿದಂತೆ ಕೆಂಪು ಚುಕ್ಕೆ, ಕಾರಣವಿಲ್ಲದೆ ನೀಲಿ ಕಲೆ, ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ ಕಂಡರೆ ಕಾಯಬಾರದು. ಐಟಿಪಿಗೆ ಸಾಮಾನ್ಯವಾಗಿ ಸ್ಟೀರಾಯ್ಡ್ ಕೊಡುತ್ತಾರೆ. ಥೈರಾಯ್ಡ್ ಒಳಗೊಳಗೇ ಜೋರಾಗಿದ್ದು ಯಾರೂ ನೋಡದಿದ್ದರೆ ಸ್ಟೀರಾಯ್ಡ್ ಕೊಟ್ಟರೂ ಪ್ಲೇಟ್‌ಲೆಟ್ ಮೊಂಡು ಹಿಡಿಯಬಹುದು. ಅಲ್ಲೂ ಟಿಎಸ್‌ಎಚ್ ಬೇಕು.

ರಕ್ತಸ್ರಾವ ಒಂದು ಕಡೆಯಾದರೆ, ಹೆಪ್ಪುಗಟ್ಟುವುದು ಇನ್ನೊಂದು ಕಡೆ. ಥೈರಾಯ್ಡ್ ಮಂದವಾದರೆ ರಕ್ತ ಹೆಪ್ಪುಗಟ್ಟಿಸುವ ಕೆಲವು ಅಂಶಗಳು ಕಮ್ಮಿಯಾಗುತ್ತವೆ. ಜೋರಾದರೆ ಫ್ಯಾಕ್ಟರ್ 8, ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್, ಫೈಬ್ರಿನೋಜನ್ ಮೊದಲಾದವು ಏರುತ್ತವೆ. ಅಂದರೆ ರಕ್ತ ಹೆಪ್ಪುಗಟ್ಟುವ ಕಡೆಗೆ ವಾಲುತ್ತದೆ. ಇದರ ಜೊತೆಗೆ ಹೃದಯ. ಥೈರಾಯ್ಡ್ ಚೆನ್ನಾಗಿ ಜೋರಾದವರಲ್ಲಿ 100ಕ್ಕೆ 10ರಿಂದ 15 ಮಂದಿಗೆ ಏಟ್ರಿಯಲ್ ಫಿಬ್ರಿಲೇಶನ್ ಬರುತ್ತದೆ. ವಯಸ್ಸಾದವರಲ್ಲಿ ಇದು ಜಾಸ್ತಿ. ಹೃದಯದ ಮೇಲಿನ ಕೋಣೆ ಸರಿಯಾಗಿ ಹಿಂಡದೆ ಬರೀ ಅದುರುತ್ತದೆ, ಒಳಗೆ ನಿಂತ ರಕ್ತ ಹೆಪ್ಪಾಗುತ್ತದೆ, ಆ ಹೆಪ್ಪು ಮೆದುಳಿಗೆ ಹೋದರೆ ಪಾರ್ಶ್ವವಾಯು.

ಅದನ್ನು ತಡೆಯಲು ರಕ್ತ ತೆಳು ಮಾಡುವ ಮಾತ್ರೆ ಕೊಡುತ್ತಾರೆ. ವಾರ್ಫರಿನ್, ಇಲ್ಲವೇ ಅದೇ ಜಾತಿಯ, ನಮ್ಮಲ್ಲಿ ಅಸಿಟ್ರಾಮ್ ಎಂದು ಜನಕ್ಕೆ ಗೊತ್ತಿರುವ ಇನ್ನೊಂದು ಮಾತ್ರೆ. ಇಲ್ಲಿ ಒಂದು ವಿಚಿತ್ರ ಇದೆ. ವಾರ್ಫರಿನ್ ತಡೆಯುವುದು ಹೆಪ್ಪುಗಟ್ಟಿಸುವ ಬೇರೆ ನಾಲ್ಕು ಅಂಶಗಳನ್ನು. ಥೈರಾಯ್ಡ್ ಜೋರಾಗಿದ್ದಾಗ ಅವು ಬೇಗ ಬೇಗ ಖರ್ಚಾಗುತ್ತಿರುತ್ತವೆ. ಆದ್ದರಿಂದ ಸ್ವಲ್ಪ ಮಾತ್ರೆಗೇ ರಕ್ತ ಅತಿಯಾಗಿ ತೆಳುವಾಗುತ್ತದೆ. ಮುಂದೆ ಕಾರ್ಬಿಮಜೋಲ್ ಕೆಲಸ ಮಾಡಿ ಥೈರಾಯ್ಡ್ ಇಳಿದಂತೆ ಅದೇ ಡೋಸ್ ಸಾಲದಾಗುತ್ತದೆ. ಒಂದು ಗ್ರಂಥಿ ಶಾಂತವಾದದ್ದಕ್ಕೆ ಇನ್ನೊಂದು ಮಾತ್ರೆಯ ಲೆಕ್ಕ ತಪ್ಪುತ್ತದೆ! ಹೀಗಾಗಿ ಆ ತಿಂಗಳುಗಳಲ್ಲಿ ರಕ್ತ ಎಷ್ಟು ತೆಳುವಾಗಿದೆ ಎಂದು ಹೇಳುವ ಐಎನ್‌ಆರ್ ಪರೀಕ್ಷೆಯನ್ನು ಮಾಮೂಲಿಗಿಂತ ಹೆಚ್ಚು ಸಲ ಮಾಡಿಸಬೇಕು. ಹೃದಯದ ಡಾಕ್ಟರಿಗೆ ಥೈರಾಯ್ಡ್ ರಿಪೋರ್ಟ್ ತೋರಿಸಿ, ಥೈರಾಯ್ಡ್ ಡಾಕ್ಟರಿಗೆ ಐಎನ್‌ಆರ್ ತೋರಿಸಿ. ಅವರಿಬ್ಬರೂ ಒಬ್ಬರಿಗೊಬ್ಬರು ಮಾತಾಡಿಕೊಂಡಿರುತ್ತಾರೆ ಎಂದು ನಂಬಿ ಕೂರಬೇಡಿ.

ಚಿಕ್ಕಮ್ಮನ ಹೊಸ ಸಿಬಿಸಿ ಹೋದ ತಿಂಗಳು ಬಂತು. ಮಾತ್ರೆ ಶುರುವಾಗಿ ಏಳು ತಿಂಗಳು. ಹಿಮೋಗ್ಲೋಬಿನ್ 12.4, ಎಂಸಿವಿ 83, ನ್ಯೂಟ್ರೋಫಿಲ್ 3,600. ಕಬ್ಬಿಣದ ಮಾತ್ರೆಯನ್ನು ಡಾಕ್ಟರು ಮೊದಲ ತಿಂಗಳಲ್ಲೇ ನಿಲ್ಲಿಸಿದ್ದರು. ಹಿಡಿಸಿದ್ದ ರವಿಕೆಗಳ ಹೊಲಿಗೆ ಬಿಚ್ಚಿಸಿ ತಂದಿದ್ದಾರೆ. ಮಾತ್ರೆ ಡಬ್ಬಿಯ ಮುಚ್ಚಳದ ಒಳಗೆ ನಾನು ಒಂದು ಚೀಟಿ ಅಂಟಿಸಿದ್ದೆ: "ಜ್ವರ, ಗಂಟಲು ನೋವು ಬಂದರೆ ಇದನ್ನು ನಿಲ್ಲಿಸಿ, ಅವತ್ತೇ ಸಿಬಿಸಿ." ಅದರ ಕೆಳಗೆ ಅವರ ಕೈಬರಹದಲ್ಲಿ ಈಗ ಇನ್ನೊಂದು ಸಾಲು ಸೇರಿದೆ: "ರಾತ್ರಿ ಲ್ಯಾಬ್, ಬಸ್ ಸ್ಟ್ಯಾಂಡ್ ಹಿಂದೆ, 11ರ ತನಕ."